ಗಾಡಿಗೆ ಎಕ್ಸ್‌ಟೆಂಡೆಡ್ ವಾರಂಟಿ ಬೇಕಾ? ಮಲೆನಾಡಲ್ಲಿ ಇಟ್ಕೊಂಡು ಓಡಿಸಿದವನ ಅನುಭವ

ಎಕ್ಸ್‌ಟೆಂಡೆಡ್ ವಾರಂಟಿ, ಅಂದ್ರೆ ಕಂಪನಿ ವಾರಂಟಿ ಮುಗಿದ ಮೇಲೂ ಮುಂದುವರಿಯೋ ಹಾಗೆ ದುಡ್ಡು ಕೊಟ್ಟು ಹಾಕಿಸೋದು, ತಗೊಳ್ಳೋದಾ ಬೇಡ್ವಾ ಅಂತ ಕೇಳೋರಿಗೆ ನಾನು ತಿರುಗಿ ಕೇಳೋದು ಒಂದೇ, ನಿಮ್ಮ ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತೆ ಅಂತ. ಯಾಕಂದ್ರೆ ತೀರ್ಥಹಳ್ಳಿ ಹೊಸನಗರ ಕಡೆ ಮಳೆಗಾಲದಲ್ಲಿ ಗಾಡಿ ಕೆಡಿಸೋದು ರೋಡಿಗಿಂತ ಹೆಚ್ಚು ಇಲಿ, ಇಲಿ ಕಡಿದಿದ್ದು ನನ್ನ ವಾರಂಟಿಗೆ ಬರಲ್ಲ. ವಾರಂಟಿ ಪುಸ್ತಕದ ಕೊನೇಲಿ ಸಣ್ಣ ಅಕ್ಷರದಲ್ಲಿ ಬರೆದಿದೆ, ಶೋರೂಂನಲ್ಲಿ ಇದನ್ನ ಬಾಯಿಬಿಟ್ಟು ಹೇಳಿದವರು ಯಾರೂ ಇಲ್ಲ.

ನಮ್ದು ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕಂಪನಿ ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್, ಅದರ ಮೇಲೆ ಎರಡು ವರ್ಷಕ್ಕೆ ಹದಿನೆಂಟು ಸಾವಿರ ಚಿಲ್ಲರೆ ಕೊಟ್ಟು ಹಾಕಿಸ್ಕೊಂಡಿದ್ದು. ಈಗ ಐದನೇ ವರ್ಷ ಮುಗಿಯೋಕೆ ಬಂದಿದೆ. ಮನೆ ಮೇನ್ ರೋಡಿಂದ ಒಳಗೆ, ಕೊನೇ ಸ್ವಲ್ಪ ದೂರ ಮಣ್ಣು ರೋಡು, ಗಾಡಿ ನಿಲ್ಸೋದು ಕೊಟ್ಟಿಗೆ ಪಕ್ಕದ ಮಾಡಿನಲ್ಲಿ, ಅದರ ಆಚೆಗೇ ಅಡಿಕೆ ಗೊರಬಲು ಹುಲ್ಲು ಎಲ್ಲಾ ಇರೋದು. ಮಳೆ ಹಿಡಿದ ಮೇಲೆ ಇಲಿಗೆ ಬಿಸಿ ಎಂಜಿನ್‌ಗಿಂತ ಒಳ್ಳೆ ಜಾಗ ಎಲ್ಲಿ ಸಿಗುತ್ತೆ ಹೇಳಿ.

ಹಾಗಾಗಿ ನಮ್ಮನೇಲಿ ರಾತ್ರಿ ಗಾಡಿ ನಿಲ್ಸಿದ ಮೇಲೆ ಒಂದು ಕ್ರಮ ಇದೆ. ಬಾನೆಟ್ ಎತ್ತಿ ಕಡ್ಡಿ ಕೊಟ್ಟು ಹಾಗೇ ಬಿಡೋದು, ಕತ್ತಲೆ ಇಲ್ಲ ಅಂದ್ರೆ ಇಲಿ ಒಳಗೆ ಕೂರಲ್ಲ ಅಂತ ಒಂದು ಬಲ್ಬ್ ಎಳೆದು ಹಚ್ಚೋದು. ಹಳೇ ಪಂಚೆ ಹರಿದು ಅದರಲ್ಲಿ ಹೊಗೆಸೊಪ್ಪು ಗಂಟು ಕಟ್ಟಿ ಬ್ಯಾಟರಿ ಹತ್ರ ಒಂದು, ಆಚೆ ಕಡೆ ಒಂದು ನೇತು ಹಾಕಿದೀವಿ, ಬೆಲ್ಟಿಗೆ ಫ್ಯಾನಿಗೆ ತಾಗದ ಹಾಗೆ. ಮಳೆಗಾಲದಲ್ಲಿ ಅದು ಶೀತ ಎಳೆದು ವಾಸನೆ ಕಳ್ಕೊಳುತ್ತೆ, ಅಪ್ಪಯ್ಯ ಒಲೆ ಮೇಲಿನ ಅಟ್ಟದಲ್ಲಿ ಇನ್ನೊಂದು ಜೊತೆ ಒಣಗಿಸಿ ಇಟ್ಟಿರ್ತಾರೆ, ಬದಲಾಯಿಸ್ತಾರೆ. ಬೆಳಿಗ್ಗೆ ಟಾರ್ಚ್ ಬಿಟ್ಟು ವಯರ್ ಎಲ್ಲಾ ಒಂದ್ಸಲ ಬೆರಳಲ್ಲಿ ಸವರಿ ನೋಡಿ, ಅಡಿಕೆ ಸಿಪ್ಪೆ ಗಿಪ್ಪೆ ತಂದಿಟ್ಟಿದ್ರೆ ತೆಗೆದು, ಆಮೇಲೆ ಬಾನೆಟ್ ಹಾಕೋದು. ಹದಿನೆಂಟು ಸಾವಿರದ ವಾರಂಟಿ ಮಾಡದ ಕೆಲಸ ಈ ಹೊಗೆಸೊಪ್ಪು ಮಾಡುತ್ತೆ, ನಾನು ಇದನ್ನ ಪೂರ್ತಿ ಮನಸ್ಸಿಂದ ಹೇಳ್ತಿದೀನಿ.

ಇಷ್ಟು ಮಾಡಿದ್ರೂ ಒಂದ್ಸಲ ಕಡೀತು. ವಾಷರ್ ಪೈಪು ಹೋಗ್ಲಿ, ಸೆನ್ಸರ್ ವಯರ್ ಕಡಿದು ಚೆಕ್ ಎಂಜಿನ್ ಲೈಟ್ ಬಂತು. ಇಲ್ಲಿ ನಂಗೆ ನಿಜವಾಗ್ಲೂ ಸಿಟ್ಟು ಬಂದಿದ್ದು. ನಮ್ಮೂರ ಎಲೆಕ್ಟ್ರಿಷಿಯನ್ ನೋಡಿ "ಅಣ್ಣಾ, ಎರಡು ವಯರ್ ಅಷ್ಟೇ, ಸಾಲ್ಡರ್ ಮಾಡಿ ಸ್ಲೀವ್ ಹಾಕಿ ಕೊಡ್ತೀನಿ, ಐನೂರು ಕೊಡಿ" ಅಂದ. ಆದ್ರೆ ಹೊರಗಡೆಯವರು ವಯರಿಂಗ್ ಮುಟ್ಟಿದ್ರೆ ಮುಂದೆ ಎಲೆಕ್ಟ್ರಿಕಲ್ ಕ್ಲೈಮ್ ಏನೇ ಬಂದ್ರೂ ಅದನ್ನೇ ನೆಪ ಮಾಡಿ ತಳ್ಳಿಹಾಕೋಕೆ ಪುಸ್ತಕದಲ್ಲಿ ದಾರಿ ಇದೆ. ವರ್ಕ್‌ಶಾಪಿಗೆ ಹೋದ್ರೆ ಅವ್ರು ವಯರ್ ಜೋಡಿಸಲ್ಲ, ಆ ಸೆಟ್ಟೇ ಬದಲಾಯಿಸೋದು, ಒಂಬತ್ತು ಸಾವಿರದ ಹತ್ರ. ಇನ್ಶೂರೆನ್ಸ್‌ಗೆ ಹಾಕಣ ಅಂದ್ರೆ ಕ್ಲೈಮ್ ಇಲ್ಲದ ಮೂರು ವರ್ಷಕ್ಕೆ ಸಿಕ್ಕಿದ್ದ 35 ಪರ್ಸೆಂಟ್ ನೋ ಕ್ಲೈಮ್ ಬೋನಸ್, ಅಂದ್ರೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ, ಹೋಗುತ್ತೆ, ಮತ್ತೆ ಸೊನ್ನೆಯಿಂದ ಶುರು. ಲೆಕ್ಕ ಹಾಕಿ ಕೈಯಿಂದಲೇ ಕೊಟ್ಟೆ. ಅಂದ್ರೆ ವಾರಂಟಿ ಇದೆ ಅನ್ನೋ ಕಾರಣಕ್ಕೇ ಐನೂರಲ್ಲಿ ಮುಗಿಯೋ ಕೆಲಸಕ್ಕೆ ಒಂಬತ್ತು ಸಾವಿರ, ಈ ಖರ್ಚನ್ನ ವಾರಂಟಿ ಲೆಕ್ಕಕ್ಕೆ ಸೇರಿಸಿ ನೋಡೋರು ಕಮ್ಮಿ.

ಸಸ್ಪೆನ್ಷನ್‌ನ ಬುಷ್, ಲಿಂಕ್ ರಾಡ್, ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್, ಬ್ಯಾಟರಿ, ಟಯರ್ ಇವೆಲ್ಲ ಸವೆಯೋ ಸಾಮಾನು ಅಂತ ವಾರಂಟಿಯಿಂದ ಹೊರಗೆ. ಬಾಡಿ ಅಡಿ ತುಕ್ಕು ಹೊರಗೆ. ತುಂಬಿದ ಹಳ್ಳ ದಾಟೋಕೆ ಹೋಗಿ ಎಂಜಿನ್‌ಗೆ ನೀರು ಎಳೆದ್ರೆ ಅದೂ ಹೊರಗೆ, ಅದಕ್ಕೆ ಇನ್ಶೂರೆನ್ಸ್ ಜೊತೆ ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ತಗೋಬೇಕು. ಮಲೆನಾಡಲ್ಲಿ ಏನೇನು ಹೋಗುತ್ತೋ ಅದರ ಪಟ್ಟಿ ಮಾಡಿ ಈ ಹೊರಗಿನ ಪಟ್ಟಿ ಪಕ್ಕ ಇಟ್ರೆ ಮುಕ್ಕಾಲು ಪಾಲು ಒಂದೇ. ನಾಲ್ಕನೇ ವರ್ಷದ ಮಳೆಗಾಲದವರೆಗೂ ಯಾರೇ ಕೇಳಿದ್ರೂ ಬೇಡ ಮಾರಾಯ್ರೆ ಅಂತಲೇ ಹೇಳ್ತಿದ್ದೆ.

ಆ ಮಳೆಗಾಲದಲ್ಲಿ ಅಮ್ಮನ್ನ ಮಣಿಪಾಲಕ್ಕೆ ತೋರಿಸ್ಕೊಂಡು ವಾಪಸ್ ಬರ್ತಾ ಇದ್ವಿ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು, ಅದರಲ್ಲಿ ಅರ್ಧ ಹತ್ತಿರಬಹುದು, ಏಸಿಯಿಂದ ಗರ್ ಅಂತ ಸದ್ದು ಬಂತು, ಗಾಳಿ ಬಿಸಿ ಆಯ್ತು, ನೋಡ್ತಾ ನೋಡ್ತಾ ಎದುರಿನ ಗಾಜು ಒಳಗಿಂದ ಬೆಳ್ಳಗೆ ಮುಚ್ಕೊಂಡ್ತು. ಬಯಲುಸೀಮೆಯವರಿಗೆ ಏಸಿ ಅಂದ್ರೆ ಸೆಕೆಗೆ, ನಮಗೆ ಜುಲೈ ತಿಂಗಳಲ್ಲಿ ಏಸಿ ಅಂದ್ರೆ ರೋಡು ಕಾಣೋದಕ್ಕೆ. ಕಿಟಕಿ ಇಳಿಸಿದ್ರೆ ಮಳೆ ಒಳಗೆ, ಏರಿಸಿದ್ರೆ ಮಂಜು. ಅಮ್ಮ ಪಕ್ಕದಲ್ಲಿ ಕೂತು ಸೆರಗಲ್ಲಿ ಗಾಜು ಒರೆಸ್ತಾ ಒರೆಸ್ತಾ ಬಂದ್ರು, ಎದುರಿಂದ ಬಸ್ಸಿನ ಲೈಟು ಬಿದ್ದಾಗ ಪೂರ್ತಿ ಕುರುಡು. ಆಗುಂಬೆ ಪೇಟೆ ಮುಟ್ಟಿ ಗಾಡಿ ಸೈಡಿಗೆ ಹಾಕಿದ ಮೇಲೆ ಉಸಿರು ಬಿಟ್ಟಿದ್ದು.

ಮಾರನೇ ದಿನ ಶಿವಮೊಗ್ಗದ ವರ್ಕ್‌ಶಾಪು. ಅಲ್ಲಿ ಮೊದಲು "ಸರ್, ಗ್ಯಾಸ್ ಲೀಕ್ ಇರ್ಬೇಕು, ಗ್ಯಾಸ್ ವಾರಂಟಿಗೆ ಬರಲ್ಲ" ಅಂದ್ರು. ನಾನು ಜಗಳ ಮಾಡ್ಲಿಲ್ಲ, ಕ್ಲೈಮ್ ಯಾಕೆ ಬರಲ್ಲ ಅಂತ ಜಾಬ್ ಕಾರ್ಡ್ ಮೇಲೆ ಬರೆದು ಸೈನ್ ಮಾಡಿ ಕೊಡಿ ಅಂತ ಅಷ್ಟೇ ಕೇಳಿದ್ದು. ಬರೆದು ಕೊಡೋ ಮಾತು ಬಂದ ಮೇಲೆ ಬಿಚ್ಚಿ ನೋಡಿದ್ರು, ಏಸಿ ಕಂಪ್ರೆಸರೇ ಒಳಗಿಂದ ಕೆಟ್ಟಿದೆ ಅಂತ ಆಯ್ತು, ಫೋಟೋ ಕಂಪನಿಗೆ ಕಳಿಸಿದ್ರು, ಅಪ್ರೂವಲ್ ಬಂತು. ಕಂಪ್ರೆಸರ್‌ಗೂ ಲೇಬರ್‌ಗೂ ಸೇರಿ ಮೂವತ್ತು ಸಾವಿರ ದಾಟೋ ಎಸ್ಟಿಮೇಟ್, ನಾನು ಕೊಟ್ಟಿದ್ದು ಗ್ಯಾಸ್ ಮತ್ತೆ ಆಯಿಲ್ ದುಡ್ಡು ಮಾತ್ರ. ಯಾರಿಗೇ ಕ್ಲೈಮ್ ಇಲ್ಲ ಅಂದ್ರೂ ಬರವಣಿಗೆಯಲ್ಲಿ ಕೇಳಿ, ಬಾಯಿ ಮಾತಿನ ಇಲ್ಲಕ್ಕೆ ಸುಮ್ನೆ ವಾಪಸ್ ಬರಬೇಡಿ.

ಅಲ್ಲಿಂದ ನನ್ನ ಅಭಿಪ್ರಾಯ ಬದಲಾಯ್ತು, ಬರೀ ದುಡ್ಡು ಉಳೀತು ಅಂತ ಅಲ್ಲ, ಯಾವ ತಿಂಗಳಲ್ಲಿ ಉಳೀತು ಅನ್ನೋದು ಮುಖ್ಯ. ತೋಟದವರ ಕೈಯಲ್ಲಿ ದುಡ್ಡು ಓಡಾಡೋದು ಕೊಯ್ಲು ಮುಗಿಸಿ ಅಡಿಕೆ ಮಂಡಿಗೆ ಹಾಕಿದ ಮೇಲೆ. ಜುಲೈ ಅಂದ್ರೆ ಅಡಿಕೆ ಕೊಳೆರೋಗಕ್ಕೆ ಔಷಧಿ ಹೊಡೆಸೋದು, ಅದಕ್ಕೆ ಮೈಲುತುತ್ತ ಸುಣ್ಣ, ಮರ ಹತ್ತೋ ಕೊನೆಗಾರರ ಕೂಲಿ, ಮಕ್ಕಳ ಫೀಸು, ಎಲ್ಲಾ ಹೊರಗೆ ಹೋಗೋ ತಿಂಗಳು. ಆಗ ಮೂವತ್ತು ಸಾವಿರ ಅಂದ್ರೆ ಯಾರ ಹತ್ರನಾದ್ರೂ ಕೇಳಲೇಬೇಕು. ತಿಂಗಳಾ ತಿಂಗಳಾ ಸಂಬಳ ಬರೋರಿಗೆ ಈ ಲೆಕ್ಕ ಬೇರೆ, ಅವ್ರು ಆ ಹದಿನೆಂಟು ಸಾವಿರ ಬ್ಯಾಂಕಲ್ಲಿ ತಿಂಗಳಾ ತಿಂಗಳಾ ಆರ್‌ಡಿ ಕಟ್ಟಿ ಇಟ್ಕೊಂಡ್ರೂ ನಡೀಬಹುದು.

ತಗೊಳ್ಳೋ ಹೊತ್ತಿನದ್ದೂ ಒಂದು ಮಾತು. ಶೋರೂಂನವರು ಗಾಡಿ ಸಾಲದ ಒಳಗೇ ಇದನ್ನೂ ಸೇರಿಸಿಬಿಡ್ತಾರೆ, ತಿಂಗಳಿಗೆ ಇಷ್ಟೇ ಜಾಸ್ತಿ ಆಗೋದು ಅಂತ. ನಾಲ್ಕನೇ ವರ್ಷದಿಂದ ಶುರುವಾಗೋ ವಾರಂಟಿಗೆ ಮೊದಲನೇ ತಿಂಗಳಿಂದ ಯಾಕೆ ಬಡ್ಡಿ ಕಟ್ಬೇಕು? ನಾನು ಸಾಲದಿಂದ ತೆಗೆಸಿ, ಅಡಿಕೆ ಕೊಟ್ಟ ಮೇಲೆ ಕೈ ದುಡ್ಡು ಕೊಟ್ಟು ಹಾಕಿಸಿದೆ, ರೇಟು ಅದೇ ಇತ್ತು. ತೀರಾ ತಡ ಮಾಡಿದ್ರೆ ರೇಟು ಏರುತ್ತೆ, ಕಂಪನಿ ವಾರಂಟಿ ಮುಗಿದ ಮೇಲೆ ಕೊಡೋದೇ ಇಲ್ಲ, ಹಾಗಾಗಿ ತಾರೀಕು ಕೇಳಿಟ್ಕೊಳ್ಳಿ.

ಸರ್ವಿಸ್ ಮಾತ್ರ ತಪ್ಪಿಸೋ ಹಾಗಿಲ್ಲ. 10,000 ಕಿಲೋಮೀಟರ್ ಅಥವಾ 1 ವರ್ಷ, ಯಾವುದು ಮೊದಲೋ ಅದು, ಅದೂ ಅವರ ವರ್ಕ್‌ಶಾಪಲ್ಲೇ. ಗಾಡಿ ಬಂದಿದ್ದು ಆಯುಧಪೂಜೆಗೆ, ಅಂದ್ರೆ ಪ್ರತಿ ವರ್ಷ ಸರ್ವಿಸ್ ತಾರೀಕು ಸರಿಯಾಗಿ ಕೊಯ್ಲು ಶುರುವಾಗೋ ಹೊತ್ತಿಗೆ, ಆಳು ಬಂದ ದಿನ ಬಿಟ್ಟು ಶಿವಮೊಗ್ಗದಲ್ಲಿ ಇಡೀ ದಿನ ಕೂರೋಕೆ ಆಗುತ್ತಾ? ಅದಕ್ಕೆ ಸೆಪ್ಟೆಂಬರಲ್ಲೇ ಮಾಡಿಸ್ಬಿಡ್ತೀನಿ, ಮಳೆ ಇಳಿದ ಮೇಲೆ ಅಡಿ ಭಾಗಕ್ಕೆ ಹತ್ತಿದ ಕೆಸರು ತೊಳೆಸಿ ತುಕ್ಕು ನೋಡೋಕೂ ಅದೇ ಸರಿಯಾದ ಹೊತ್ತು. ಬಿಲ್ಲುಗಳು ಎಲ್ಲಾ ಒಂದು ಫೈಲಲ್ಲಿ.

ಈಗ ಆರನೇ ವರ್ಷಕ್ಕೆ ಕೇಳ್ತಿರೋ ರೇಟು ಒಂದೇ ವರ್ಷಕ್ಕೆ ಹದಿನಾಲ್ಕು ಸಾವಿರ. ಅದು ಬೇಡ ಅಂತ ತೀರ್ಮಾನ ಮಾಡಿದೀನಿ. ಕಂಪ್ರೆಸರ್ ಹೊಸದು, ಸ್ಟೇರಿಂಗ್ ಮೋಟರೂ ಚೆಕ್ ಮಾಡಿಸಿದೆ, ಸರಿ ಇದೆ. ಆ ದುಡ್ಡಲ್ಲಿ ಮುಂದಿನ ಚಕ್ರ ಹಿಡಿದಿಡೋ ಎರಡೂ ಲೋವರ್ ಆರ್ಮ್ ಬದಲಾಯಿಸಿ, ಉಳಿದಿದ್ದರಲ್ಲಿ ನಮ್ಮೂರ ಎಲೆಕ್ಟ್ರಿಷಿಯನ್ ಕೈಲಿ ವಯರಿಂಗ್‌ಗೆಲ್ಲಾ ಗಟ್ಟಿ ಪೈಪ್ ಹೊದಿಸಬೇಕು, ಅವನಿಗೆ ಈಗಲೇ ಹೇಳಿಟ್ಟಿದೀನಿ.