ಎಲ್‌ಒಎಂ ಎಂ337: ತಲೆಕೆಳಗಿನ ಎಂಜಿನ್ ಮಲೆನಾಡಿಗೆ ಒಗ್ಗುತ್ತದೆಯೇ?

ಪ್ರಾಗ್‌ನ ಎಲ್‌ಒಎಂ ಕಂಪನಿಯ ಎಂ337 ಆರು ಸಿಲಿಂಡರಿನ, ಗಾಳಿಯಿಂದ ತಣಿಯುವ, ಸೂಪರ್‌ಚಾರ್ಜರ್ (ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಯಂತ್ರ) ಇರುವ ವಿಮಾನದ ಎಂಜಿನ್. ಸಿಲಿಂಡರುಗಳೆಲ್ಲ ಒಂದೇ ಸಾಲಿನಲ್ಲಿ, ಅದೂ ತಲೆಕೆಳಗಾಗಿ ಕೂತಿವೆ: ಪ್ರೊಪೆಲರ್ ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಮೇಲೆ, ಸಿಲಿಂಡರಿನ ಮುಚ್ಚಿದ ತುದಿಯಾದ ಹೆಡ್ ನೆಲದ ಕಡೆಗೆ. ಝ್ಲಿನ್ 142 ತರಬೇತಿ ವಿಮಾನ, ಝ್ಲಿನ್ 43, ಎರಡು ಎಂಜಿನ್ನಿನ ಮೊರಾವಾ ಎಲ್-200, ಇವೆಲ್ಲ ಹಾರುವುದು ಇದೇ ಕುಟುಂಬದ ಬಲದಿಂದ. ಶಿವಮೊಗ್ಗದಲ್ಲಿ ಇಟ್ಟುಕೊಂಡು ಹಾರಿಸಲು ಇದು ಲಾಯಕ್ಕೇ ಎಂಬುದಷ್ಟೇ ಈ ವಿಮರ್ಶೆಯ ವಿಷಯ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ವಾರಕ್ಕೊಮ್ಮೆಯಾದರೂ ಹಾರಿಸುವವರಿಗೆ, ಆಯಿಲ್ ವಿಷಯದಲ್ಲಿ ಶಿಸ್ತು ಇರುವವರಿಗೆ ಇದು ಒಳ್ಳೆಯ ಎಂಜಿನ್. ಮಳೆಗಾಲ ಪೂರ್ತಿ ಹ್ಯಾಂಗರಿನಲ್ಲಿ ನಿಲ್ಲಿಸಿ ದಸರೆಗೆ ಹೊರತೆಗೆಯುವ ಯೋಚನೆ ಇದ್ದರೆ ಇದನ್ನು ಕೊಳ್ಳಬೇಡಿ.

ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 105 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ ಚಲಿಸುವ ದೂರ, 115. ಆರೂ ಸಿಲಿಂಡರ್ ಸೇರಿ 5.97 ಲೀಟರ್. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಒತ್ತಲ್ಪಡುವ ಪ್ರಮಾಣ, 6.3ಕ್ಕೆ 1. ತೂಕ ಸುಮಾರು 150 ಕಿಲೋ. ಟೇಕಾಫ್‌ಗೆ ನಿಮಿಷಕ್ಕೆ 2,750 ಸುತ್ತಿನಲ್ಲಿ 210 ಅಶ್ವಶಕ್ತಿ, ಅದೂ ಐದು ನಿಮಿಷದ ಮಿತಿಯೊಳಗೆ. ಕ್ರೂಸ್‌ನಲ್ಲಿ, ಅಂದರೆ ಮಟ್ಟವಾಗಿ ದೂರ ಹಾರುವಾಗ, 2,400 ಸುತ್ತಿಗೆ 140. ಇದೇ ಬೋರ್, ಇದೇ ಸ್ಟ್ರೋಕ್ ಇರುವ, ಆದರೆ ಸೂಪರ್‌ಚಾರ್ಜರ್ ಇಲ್ಲದ ಎಂ137 ಕೊಡುವುದು 180. ಒಂದು ಗೇರ್ ಸರಣಿ, ಸೂಪರ್‌ಚಾರ್ಜರನ್ನು ಜೋಡಿಸಿ ಬಿಡಿಸುವ ಒಂದು ಕ್ಲಚ್, ಗಾಳಿ ಒತ್ತುವ ಚಕ್ರವಾದ ಒಂದು ಇಂಪೆಲರ್ ಹೆಚ್ಚಿಗೆ ಹೊತ್ತು ಸಿಗುವುದು 30 ಅಶ್ವಶಕ್ತಿ. ಇದು ಲಾಭವೋ ನಷ್ಟವೋ ಎಂಬುದು ಯಾವ ಊರಿನಿಂದ ಹಾರುತ್ತೀರಿ ಎಂಬುದರ ಮೇಲಿದೆ.

ಶಿವಮೊಗ್ಗದ ಬಳಿ ಸೋಗಾನೆಯಲ್ಲಿರುವ ಕುವೆಂಪು ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣತೆ 11 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಇರುವುದು 35. ಈ 24 ಡಿಗ್ರಿ ವ್ಯತ್ಯಾಸ ಸೇರಿಸಿದರೆ ಎಂಜಿನ್ ಮತ್ತು ರೆಕ್ಕೆ ಎರಡಕ್ಕೂ ಸಿಗುವ ಗಾಳಿ ಸುಮಾರು 1,450 ಮೀಟರ್ ಎತ್ತರದ ಗಾಳಿಯಷ್ಟು ತೆಳುವಾಗುತ್ತದೆ. ಸೂಪರ್‌ಚಾರ್ಜರ್ ಇಲ್ಲದ ಎಂಜಿನ್ ಅಲ್ಲಿ ಶೇಕಡಾ 15ರಷ್ಟು ಬಲ ಕಳೆದುಕೊಳ್ಳುತ್ತದೆ, ಅಂದರೆ 180 ಇದ್ದದ್ದು 153ಕ್ಕೆ ಇಳಿಯುತ್ತದೆ.

ಇಲ್ಲಿ ಹಲವರು ತಪ್ಪು ತಿಳಿಯುತ್ತಾರೆ. ಎಂ337 ಆದರೆ ಪೂರ್ತಿ 210 ಸಿಕ್ಕೇ ಸಿಗುತ್ತದೆ ಎಂದುಕೊಳ್ಳಬಾರದು. ಗೇರಿನಿಂದ ತಿರುಗುವ ಇಂಪೆಲರ್ ತನ್ನೊಳಗೆ ಬಂದ ಗಾಳಿಯ ಒತ್ತಡವನ್ನು ಒಂದು ಪ್ರಮಾಣದಲ್ಲಿ ಏರಿಸುತ್ತದೆ, ಅಷ್ಟೇ. ಬಂದ ಗಾಳಿಯೇ ತೆಳುವಾಗಿದ್ದರೆ ಹೋಗುವುದೂ ಆ ಲೆಕ್ಕದಲ್ಲೇ ಕಡಿಮೆ. ಥ್ರಾಟಲ್ ಪೂರ್ತಿ ತೆರೆದು, ಇನ್ನೇನೂ ಮೀಸಲು ಉಳಿಯದ ಕೆಟ್ಟ ಪಕ್ಷದಲ್ಲಿ 175ರ ಆಸುಪಾಸು ಸಿಗುತ್ತದೆ. ತಂಪು ಹೊತ್ತಿನಲ್ಲಿ ಮಂಗಳೂರು ಕಡಲ ದಂಡೆಯಲ್ಲಿ ಎಂ137 ಕೊಡುವಷ್ಟನ್ನು ಎಂ337 ಶಿವಮೊಗ್ಗದ ಬಿಸಿಲಿನಲ್ಲಿ ಕೊಡುತ್ತದೆ ಎಂದರೆ ಸರಿಯಾದೀತು.

ಅಷ್ಟಾದರೂ ಲಾಭ ದೊಡ್ಡದು. ಸೋಗಾನೆಯ ರನ್‌ವೇ 3,200 ಮೀಟರ್ ಇರುವುದರಿಂದ ನೆಲ ಬಿಡುವುದು ಸಮಸ್ಯೆಯೇ ಅಲ್ಲ. ಬಲ ಬೇಕಾಗುವುದು ಆಮೇಲೆ, ಪಶ್ಚಿಮಕ್ಕೆ ತಿರುಗಿ ಘಟ್ಟದ ಸಾಲು ದಾಟಬೇಕಾದಾಗ. ಕೊಡಚಾದ್ರಿಯೇ 1,343 ಮೀಟರ್. ಗುಡ್ಡದ ಆಚೆ ಬದಿಯಿಂದ ಗಾಳಿ ಏರಿ ಬಂದು ಈಚೆ ಬದಿಯಲ್ಲಿ ಕೆಳಕ್ಕೆ ಒತ್ತುವ ದಿನಗಳಲ್ಲಿ ಏರುವ ಶಕ್ತಿಯೇ ರಕ್ಷಣೆ. ಮಟ್ಟವಾಗಿ ಹಾರಲು 90 ಅಶ್ವಶಕ್ತಿ ಬೇಕು ಎಂದಿಟ್ಟುಕೊಳ್ಳಿ: ಏರಲು ಎಂ137ರಲ್ಲಿ 63 ಉಳಿಯುತ್ತದೆ, ಎಂ337ರಲ್ಲಿ 85. ಏರುವ ವೇಗದಲ್ಲಿ ಮೂರನೇ ಒಂದು ಭಾಗದಷ್ಟು ಹೆಚ್ಚಳ. ಈ ಒಂದು ಕಾರಣಕ್ಕೆ ನಮ್ಮ ಕಡೆಗೆ ಸೂಪರ್‌ಚಾರ್ಜರ್ ಬೇಕು ಎನ್ನುತ್ತೇವೆ.

ಅದರ ಬೆಲೆಯೂ ಗೊತ್ತಿರಲಿ. ಗೇರ್ ಅನುಪಾತ 7.4, ಕ್ರ್ಯಾಂಕ್ 2,750 ತಿರುಗಿದಾಗ ಇಂಪೆಲರ್ ನಿಮಿಷಕ್ಕೆ 20,350 ಸುತ್ತು ತಿರುಗುತ್ತದೆ. ಒತ್ತಡವನ್ನು ಕಾಲು ಭಾಗ ಏರಿಸಿದರೆ ಗಾಳಿ ಸುಮಾರು 30 ಡಿಗ್ರಿ ಬಿಸಿಯಾಗುತ್ತದೆ. 35ರಲ್ಲಿ ಒಳಹೋದದ್ದು 65ರಲ್ಲಿ ಸಿಲಿಂಡರ್ ಸೇರುತ್ತದೆ; ನಡುವೆ ತಣಿಸುವ ರೇಡಿಯೇಟರ್ ಇಲ್ಲ. ಕಂಪ್ರೆಷನ್ ಅನ್ನು 6.3ಕ್ಕೇ ನಿಲ್ಲಿಸಿದ್ದಕ್ಕೆ ಇದೂ ಕಾರಣ. ಹಾಗಾಗಿ ಲಿವರ್‌ಗಳ ಕ್ರಮ ತಪ್ಪಬಾರದು: ಬಲ ಏರಿಸುವಾಗ ಮೊದಲು ಪ್ರೊಪೆಲರ್ ಸುತ್ತು, ಆಮೇಲೆ ಥ್ರಾಟಲ್, ಇಳಿಸುವಾಗ ಮೊದಲು ಥ್ರಾಟಲ್, ಆಮೇಲೆ ಸುತ್ತು. ಕಡಿಮೆ ಸುತ್ತಿನಲ್ಲಿ ಹೆಚ್ಚು ಒತ್ತಡ ತುಂಬಿದರೆ ಡಿಟೊನೇಷನ್ ಆಗಿ, ಅಂದರೆ ಇಂಧನ ಹದವಾಗಿ ಉರಿಯದೆ ಸಿಡಿದು, ಪಿಸ್ಟನ್ ತಲೆಯೇ ತೂತಾಗುವ ಅಪಾಯವಿದೆ. ಥ್ರಾಟಲ್ ಅನ್ನು ಥಟ್ಟನೆ ತಳ್ಳುವುದೂ ಬೇಡ. ಅಷ್ಟು ವೇಗದ ಇಂಪೆಲರಿಗೆ ತನ್ನದೇ ಜಡತ್ವವಿದೆ. ಪೆಟ್ಟು ಬೀಳುವುದು ಕ್ಲಚ್ಚಿಗೆ. ಸವೆದ ಕ್ಲಚ್ ಪತ್ತೆಹಚ್ಚುವುದು ಸುಲಭ: ಸುತ್ತು ಸರಿಯಾಗಿದ್ದು, ಸೂಪರ್‌ಚಾರ್ಜರ್ ಜೋಡಿಸಿದ ಮೇಲೂ ಬೂಸ್ಟ್ ಮುಳ್ಳು (ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ತೋರಿಸುವ ಮಾಪಕದ್ದು) ಏರಬೇಕಾದಷ್ಟು ಏರುವುದಿಲ್ಲ. ಆದರೆ ಮೊದಲು ಮುಳ್ಳನ್ನೇ ಪರೀಕ್ಷಿಸಿ. ಎಂಜಿನ್ ನಿಂತಿರುವಾಗ ಸೋಗಾನೆಯಲ್ಲಿ ಅದು ಸುಮಾರು 94 ಕಿಲೋಪ್ಯಾಸ್ಕಲ್ ತೋರಿಸಬೇಕು. 101 ತೋರಿಸುತ್ತಿದ್ದರೆ ಕೆಟ್ಟಿರುವುದು ಮಾಪಕ.

ಇನ್ನು ತಲೆಕೆಳಗಿನ ವಿನ್ಯಾಸ. ಇದು ನಮಗೆ ಹೊಸದೇನಲ್ಲ. ಫ್ಲೈಯಿಂಗ್ ಕ್ಲಬ್ಬುಗಳ ಟೈಗರ್ ಮಾತ್‌ನ ಜಿಪ್ಸಿ ಮೇಜರ್ ಹೀಗೇ ಇತ್ತು. 1951ರಲ್ಲಿ ಬೆಂಗಳೂರಿನ ಎಚ್‌ಎಎಲ್ ಹಾರಿಸಿದ ತರಬೇತಿ ವಿಮಾನ ಎಚ್‌ಟಿ-2ರ ಸಿರಸ್ ಮೇಜರ್ ಕೂಡ ಹೀಗೇ. ವಾಯುಪಡೆಯ ಡೆವನ್ ವಿಮಾನಗಳಲ್ಲಿದ್ದ ಜಿಪ್ಸಿ ಕ್ವೀನ್ 70 ಅಂತೂ ಸೂಪರ್‌ಚಾರ್ಜರ್ ಸಮೇತ 10.18 ಲೀಟರಿನ ಆರು ಸಿಲಿಂಡರ್. ಕ್ರ್ಯಾಂಕ್ ಮೇಲಿದ್ದರೆ ಪ್ರೊಪೆಲರ್ ಎತ್ತರದಲ್ಲಿ ತಿರುಗುತ್ತದೆ, ಚಕ್ರದ ಕಾಲುಗಳು ಗಿಡ್ಡವಾಗಿದ್ದರೂ ನಡೆಯುತ್ತದೆ, ಮೂಗು ಕಿರಿದಾಗಿ ಪೈಲಟ್‌ಗೆ ಮುಂದಿನ ದಾರಿ ಚೆನ್ನಾಗಿ ಕಾಣುತ್ತದೆ. ಸಾಲಿನಲ್ಲಿ ಆರು ಸಿಲಿಂಡರ್ ಇರುವ ಎಂಜಿನ್ನಿನ ನಡುಕವೂ ಬಹಳ ಕಡಿಮೆ. ಓಡುವಾಗಿನ ಆ ನಯ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಬರುವುದಿಲ್ಲ.

ತೊಂದರೆ ಎಂಜಿನ್ ನಿಂತ ಮೇಲೆ ಶುರು. ಆಯಿಲ್ ಕೆಳಕ್ಕೇ ಇಳಿಯಬೇಕು, ಕೆಳಗಿರುವುದು ಸಿಲಿಂಡರ್. ಇದನ್ನು ತಡೆಯಲೆಂದೇ ಇಂಥ ಎಂಜಿನ್‌ಗಳಲ್ಲಿ ಸಿಲಿಂಡರಿನ ಅಂಚನ್ನು ಕ್ರ್ಯಾಂಕ್‌ಕೇಸಿನ ಒಳಕ್ಕೆ ಚಾಚಿಸಿರುತ್ತಾರೆ, ಆಯಿಲನ್ನು ಪಂಪಿನಿಂದ ಎಳೆದು ಬೇರೆ ಟ್ಯಾಂಕಿಗೆ ಕಳಿಸುತ್ತಾರೆ. ಆದರೂ ದಿನಗಟ್ಟಲೆ ನಿಂತಾಗ ಪಿಸ್ಟನ್ ಸುತ್ತಲಿನ ರಿಂಗ್‌ಗಳ ಸಂದಿಯಿಂದ ಸ್ವಲ್ಪ ಸ್ವಲ್ಪ ಇಳಿದೇ ಇಳಿಯುತ್ತದೆ. ಎಷ್ಟು ಇಳಿದರೆ ಅಪಾಯ? ಒಂದು ಸಿಲಿಂಡರಿನ ಸ್ಟ್ರೋಕ್ ಗಾತ್ರ 996 ಮಿಲಿಲೀಟರ್, 6.3ರ ಕಂಪ್ರೆಷನ್‌ಗೆ ಪಿಸ್ಟನ್ ತುದಿ ಮುಟ್ಟಿದಾಗ ಉಳಿಯುವ ಜಾಗ 188 ಮಿಲಿಲೀಟರ್. ಒಂದು ಲೋಟ ಕಾಫಿಯಷ್ಟೂ ಇಲ್ಲ. ಅಷ್ಟು ಆಯಿಲ್ ಸೇರಿ, ಎರಡೂ ವಾಲ್ವ್ ಮುಚ್ಚಿದ್ದಾಗ ಸ್ಟಾರ್ಟರ್ ಒತ್ತಿದರೆ ಪಿಸ್ಟನ್ನಿಗೆ ಹೋಗಲು ಜಾಗವಿಲ್ಲ. ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಾಗಿದ್ದು ಅವತ್ತೇ ಮುರಿಯದೆ ಕೆಲವು ಗಂಟೆ ಓಡಿ, ಆಮೇಲೆ ಗಾಳಿಯಲ್ಲಿ ಮುರಿಯಬಹುದು. ಭಯ ಇರಬೇಕಾದದ್ದು ಇದಕ್ಕೆ.

ಆದ್ದರಿಂದ ದಿನದ ಮೊದಲ ಸ್ಟಾರ್ಟ್‌ಗೆ ಮುನ್ನ: ಪ್ಲಗ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊಗಳ ಸ್ವಿಚ್ ಎರಡೂ ಆಫ್, ಥ್ರಾಟಲ್ ಮುಚ್ಚಿ, ಇಂಧನ ಬಂದ್, ಚಕ್ರಕ್ಕೆ ಅಡ್ಡಗಟ್ಟೆ. ಪ್ರೊಪೆಲರನ್ನು ತಿರುಗುವ ದಿಕ್ಕಿಗೇ, ಕೈಯಿಂದ, ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿ. ಎರಡು ಸುತ್ತಿಗೆ ಆರೂ ಸಿಲಿಂಡರುಗಳ ಕಂಪ್ರೆಷನ್ ಕೈಗೆ ಸಿಗುತ್ತದೆ. ಸ್ವಿಚ್ ಆಫ್ ಇದ್ದರೂ ತಂತಿ ತುಂಡಾಗಿದ್ದರೆ ಎಂಜಿನ್ ಹತ್ತಬಹುದು, ಹಾಗಾಗಿ ಹತ್ತಿದರೂ ಏಟು ಬೀಳದಂಥ ಜಾಗದಲ್ಲೇ ನಿಲ್ಲಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ಕೈ ಬಿಡಿ. ಜೋರು ಮಾಡಬಾರದು, ಹಿಂದಕ್ಕೂ ತಿರುಗಿಸಬಾರದು. ಹಿಂದಕ್ಕೆ ತಿರುಗಿಸಿದರೆ ತಡೆ ಮಾಯವಾದಂತೆ ಕಾಣುತ್ತದೆ, ಆದರೆ ಆಯಿಲ್ ಇನ್‌ಟೇಕ್ ಪೈಪಿಗೆ ಹೋಗಿ ಕೂತಿರುತ್ತದೆ, ಎಂಜಿನ್ ಹತ್ತಿದೊಡನೆ ಮತ್ತೆ ಒಳಕ್ಕೆ ಎಳೆಯಲ್ಪಡುತ್ತದೆ. ಆ ಸಿಲಿಂಡರಿನ ಪ್ಲಗ್ ಬಿಚ್ಚಿ, ಕೆಳಗೆ ಡಬ್ಬಿ ಹಿಡಿದು, ಪೂರ್ತಿ ಬಸಿಯುವವರೆಗೆ ಕಾಯುವುದೊಂದೇ ದಾರಿ. ಹತ್ತಿದ ಮೇಲೆ ಸ್ವಲ್ಪ ಹೊತ್ತು ನೀಲಿ ಹೊಗೆ ಸಹಜ. ಹೊಗೆ ನಿಲ್ಲದಿದ್ದರೆ ರಿಂಗ್ ಇಲ್ಲವೇ ಇಂಪೆಲರ್ ಶಾಫ್ಟಿನ ಸೀಲ್ ನೋಡಬೇಕು. ನಿಧಾನ ಓಟದಲ್ಲಿ ಮಾತ್ರ ಹೊಗೆ ಹೆಚ್ಚಿದ್ದರೆ ಅನುಮಾನ ಸೀಲಿನ ಮೇಲೆ: ಥ್ರಾಟಲ್ ಮುಚ್ಚಿದಾಗ ಒಳಗಿನ ಕಡಿಮೆ ಒತ್ತಡ ಆಯಿಲನ್ನು ಅಲ್ಲಿಂದ ಹೀರುತ್ತದೆ.

ಆರಿದ್ರ, ಪುನರ್ವಸು ಮಳೆ ಹಿಡಿದ ಮೇಲೆ ತೀರ್ಥಹಳ್ಳಿ, ಹೊಸನಗರದ ಕಡೆ ಚರ್ಮದ ಚಪ್ಪಲಿಗೂ ಬೂಷ್ಟು ಬರುತ್ತದೆ. ಸಿಲಿಂಡರಿನ ಉಕ್ಕಿಗೆ ತುಕ್ಕು ಬರಲು ಹೆಚ್ಚು ದಿನ ಬೇಡ. ಕ್ಯಾಮ್‌ಶಾಫ್ಟ್ ಕೆಳಗಿನ ಪೆಟ್ಟಿಗೆಯಲ್ಲಿ ಆಯಿಲಿನ ಜೊತೆ ಇರುವುದು ಈ ಎಂಜಿನ್ನಿನ ಪುಣ್ಯ. ಕ್ರ್ಯಾಂಕಿನ ಮೇಲೆ ಕ್ಯಾಮ್ ಇರುವ ಲೈಕಮಿಂಗ್ ಎಂಜಿನ್‌ಗಳಲ್ಲಿ ಆಯಿಲ್ ಪೂರ್ತಿ ಇಳಿದು ಕ್ಯಾಮ್ ಒಣಗಿ ತುಕ್ಕು ಹಿಡಿಯುವುದು ಎಲ್ಲರಿಗೂ ಗೊತ್ತಿರುವ ರೋಗ. ಇಲ್ಲಿ ಒಣಗುವುದು ಮೇಲಿರುವ ಕ್ರ್ಯಾಂಕ್ ಮತ್ತು ಸಿಲಿಂಡರ್ ಗೋಡೆ. ಎರಡು ವಾರಕ್ಕಿಂತ ಹೆಚ್ಚು ನಿಲ್ಲುವುದಿದ್ದರೆ ಕಾಪಿಡುವ ಆಯಿಲ್ ಹಾಕಿ ಓಡಿಸಿ, ಪ್ಲಗ್‌ಗಳ ಜಾಗಕ್ಕೆ ಸಿಲಿಕಾ ಜೆಲ್ ಪ್ಲಗ್ ಹಾಕಿ, ಎಕ್ಸಾಸ್ಟ್ ಬಾಯಿ ಮತ್ತು ಬ್ರೀದರ್ (ಕ್ರ್ಯಾಂಕ್‌ಕೇಸಿನ ಗಾಳಿ ಹೊರಹೋಗುವ ಕೊಳವೆ) ಮುಚ್ಚಿ. ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದೊಡನೆ ಬದಲಿಸಿ. ನೆಲದ ಮೇಲೆ ಹತ್ತು ನಿಮಿಷ ಓಡಿಸಿ ನಿಲ್ಲಿಸುವ ಅಭ್ಯಾಸ ಕೆಟ್ಟದ್ದು. ಆಯಿಲ್ ಸಾಕಷ್ಟು ಬಿಸಿಯಾಗದೆ, ಉರಿದ ಇಂಧನದ ನೀರು ಅದರಲ್ಲೇ ಉಳಿಯುತ್ತದೆ.

ಮಳೆಗಾಲದಲ್ಲಿ ಇದರ ದೊಡ್ಡ ಗುಣವೊಂದಿದೆ: ಕಾರ್ಬ್ಯುರೇಟರ್ ಇಲ್ಲ. ಕಡಿಮೆ ಒತ್ತಡದ ಪಂಪು ಇಂಧನವನ್ನು ಇನ್‌ಟೇಕ್ ವಾಲ್ವಿನ ಹತ್ತಿರಕ್ಕೇ ಕಳಿಸುತ್ತದೆ. 22 ಡಿಗ್ರಿ, ಒದ್ದೆ ಗಾಳಿ, ಇಳಿಯುವಾಗ ಥ್ರಾಟಲ್ ಮುಚ್ಚಿದ ಸ್ಥಿತಿ, ಇದು ಕಾರ್ಬ್ಯುರೇಟರಿನಲ್ಲಿ ಮಂಜುಗಡ್ಡೆ ಕಟ್ಟಲು ಹೇಳಿ ಮಾಡಿಸಿದ ಹವೆ. ಜುಲೈ ತಿಂಗಳ ಶಿವಮೊಗ್ಗ ಎಂದರೆ ಇದೇ. ಎಂ337ರಲ್ಲಿ ಆ ಚಿಂತೆ ಇಲ್ಲ.

ತಣಿಯುವ ವಿಷಯದಲ್ಲಿ ಹೊಗಳಲಾರೆವು. ಗಾಳಿ ಮುಂದಿನಿಂದ ಬಂದು ಒಂದು ಬದಿಯ ಗೂಡು ತುಂಬಿ, ಸಿಲಿಂಡರುಗಳ ಸಂದಿಯಿಂದ ಇನ್ನೊಂದು ಬದಿಗೆ ಹಾಯಬೇಕು. ಗಾಳಿಗೆ ದಾರಿ ತೋರುವ ಬ್ಯಾಫಲ್ ತಗಡು, ಅದರ ರಬ್ಬರ್ ಪಟ್ಟಿ ಸರಿಯಿಲ್ಲದಿದ್ದರೆ ಹಿಂದಿನ ಸಿಲಿಂಡರಿನ ಪಾಲು ಸೋರಿಹೋಗುತ್ತದೆ. ಬೇಸಗೆಯಲ್ಲಿ ಏರುವಾಗ ಹೆಡ್ ಉಷ್ಣತೆ ಮಿತಿಯ ಹತ್ತಿರ ಬಂದರೆ ಮೂಗು ಸ್ವಲ್ಪ ಇಳಿಸಿ ವೇಗ ಹೆಚ್ಚಿಸಿ. ರಬ್ಬರ್ ಪಟ್ಟಿ ಬದಲಿಸುವುದಕ್ಕೆ ಹೆಚ್ಚು ಖರ್ಚಿಲ್ಲ. ಬದಲಿಸದೆ ಬಿಟ್ಟರೆ ಸಿಲಿಂಡರ್ ಬದಲಿಸಬೇಕಾದೀತು.

ಇಂಧನ: ಈ ಎಂಜಿನ್ನಿಗೆ 72ರಿಂದ 78 ಆಕ್ಟೇನ್ ಸಾಕಿತ್ತು. ಈಗ ನಮಗೆ ಸಿಗುವುದು ಅವ್‌ಗ್ಯಾಸ್ 100ಎಲ್‌ಎಲ್. ಡಿಟೊನೇಷನ್‌ಗೆ ಒಳ್ಳೆಯದೇ, ಆದರೆ ಅದರಲ್ಲಿರುವ ಸೀಸ ಇದಕ್ಕೆ ಅಗತ್ಯಕ್ಕಿಂತ ಹೆಚ್ಚು. ಪ್ಲಗ್ ತುದಿಯಲ್ಲಿ ಸೀಸದ ಬೂದು ಗುಳಿಗೆ ಕಟ್ಟುತ್ತದೆ, ಆಯಿಲ್ ಸೇರಿದರೆ ಬೇಗ. ಟ್ಯಾಕ್ಸಿ ಮಾಡುವಾಗ, ಅಂದರೆ ವಿಮಾನವನ್ನು ನೆಲದ ಮೇಲೆ ನಡೆಸುವಾಗ, ಬಹಳ ಹೊತ್ತು ನಿಧಾನ ಓಟದಲ್ಲಿ ಇಡಬೇಡಿ. ಮ್ಯಾಗ್ನೆಟೊ ಪರೀಕ್ಷೆಯಲ್ಲಿ ಒಂದು ಬದಿ ಒರಟಾಗಿ ಓಡಿದರೆ ಮೊದಲು ಪ್ಲಗ್ ಬಿಚ್ಚಿ ನೋಡಿ.

ಹಳೆಯ ಎಂಜಿನ್ ಕೊಳ್ಳುವವರು ಕಂಪ್ರೆಷನ್ ಪರೀಕ್ಷೆಯನ್ನು ಬಿಸಿ ಎಂಜಿನ್ನಿನಲ್ಲೇ ಮಾಡಿಸಿ. ತಣ್ಣಗಿರುವಾಗ ರಿಂಗಿನ ಹತ್ತಿರ ಇಳಿದ ಆಯಿಲೇ ಸಂದಿ ಮುಚ್ಚಿ, ಸವೆದ ಸಿಲಿಂಡರೂ ಚೆನ್ನಾಗಿದ್ದಂತೆ ತೋರುತ್ತದೆ. ಪರೀಕ್ಷೆಗೆಂದು ಸಿಲಿಂಡರಿಗೆ ತುಂಬಿದ ಗಾಳಿ ಎಕ್ಸಾಸ್ಟಿನಲ್ಲಿ ಸುಯ್ಯೆಂದರೆ ಸೋರುತ್ತಿರುವುದು ಎಕ್ಸಾಸ್ಟ್ ವಾಲ್ವ್, ಇನ್‌ಟೇಕಿನಲ್ಲಾದರೆ ಆ ವಾಲ್ವ್, ಬ್ರೀದರಿನಲ್ಲಾದರೆ ರಿಂಗ್. ಇನ್‌ಟೇಕ್ ದಾರಿ ಬಿಚ್ಚಿ ಇಂಪೆಲರಿನ ಅಂಚು ನೋಡಿ. ಕವಚಕ್ಕೆ ಉಜ್ಜಿದ ಹೊಳಪಿದ್ದರೆ ಬೇರಿಂಗ್ ಸವೆದಿದೆ. ಬಿಡಿಭಾಗಗಳು ಪ್ರಾಗ್‌ನಿಂದ ಬರಬೇಕು, ಕಾಯುವ ಕಾಲ ನಿಮ್ಮ ಕೈಯಲ್ಲಿಲ್ಲ. ಆದ್ದರಿಂದ ಒಂದು ಸೆಟ್ ಪ್ಲಗ್, ಇನ್‌ಟೇಕ್ ಜೋಡಣೆಯ ಗ್ಯಾಸ್ಕೆಟ್‌ಗಳು, ಕೆಳಗಿನ ಪೆಟ್ಟಿಗೆಯ ಸೀಲ್‌ಗಳು, ಬ್ಯಾಫಲ್ ರಬ್ಬರ್, ಇಷ್ಟನ್ನು ಎಂಜಿನ್ ಜೊತೆಗೇ ತರಿಸಿ. ಲಾಗ್‌ಬುಕ್ಕಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪುಟ ತೆರೆಯಿರಿ. ಹಾರಾಟವೂ ಇಲ್ಲ, ಕಾಪಿಟ್ಟ ದಾಖಲೆಯೂ ಇಲ್ಲ ಎಂದಾದರೆ, ಒಟ್ಟು ಗಂಟೆ ಎಷ್ಟೇ ಕಡಿಮೆ ಇರಲಿ, ಪೂರ್ತಿ ಬಿಚ್ಚಿ ಕಟ್ಟುವ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಿಗೆ ಕೂರಿ.