ಚೂರಿ ಮಾಡುವ ವೀಡಿಯೊ ಪಾಠಗಳು: ಹದ ಕಲಿಸದಿದ್ದರೆ ಹಣ ಕೊಡಬೇಡಿ

ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಮನೆ ಹಿಂದೆ ಸಣ್ಣ ಕುಲುಮೆ ಹಾಕಿಕೊಂಡವರಿಗೆ ಯೂಟ್ಯೂಬಿನ ಚೂರಿ ಪಾಠಗಳು ಎಷ್ಟು ಉಪಯೋಗ? ಬಡಿಯುವುದು, ಅರ ಹಾಕುವುದು, ಹಿಡಿ ಕೂರಿಸುವುದು ಕಲಿಯಲು ಚೆನ್ನಾಗಿವೆ. ಹದದ, ಅಂದರೆ ಉಕ್ಕನ್ನು ಕಾಯಿಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡುವ ವಿಷಯ ಬಂದಾಗ ಹೆಚ್ಚಿನವು ಕೈಕೊಡುತ್ತವೆ. ಅರ್ಧ ಗಂಟೆ ಸುತ್ತಿಗೆ ಏಟು ತೋರಿಸಿ, ಎಣ್ಣೆಯಲ್ಲಿ ಬೆಂಕಿ ಭುಗಿಲೇಳುವುದನ್ನು ಸ್ಲೋ ಮೋಷನ್‌ನಲ್ಲಿ ಹಾಕಿ ಮುಗಿಸಿಬಿಡುತ್ತಾರೆ. ಚೂರಿಯ ಬಾಯಿ (ಹರಿತದ ಅಂಚು) ನಿಲ್ಲುತ್ತದೋ ಮಡಚುತ್ತದೋ ಎಂಬುದು ತೀರ್ಮಾನವಾಗುವುದೇ ಅಲ್ಲಿ.

ಇಂಗ್ಲಿಷ್ ಪಾಠಗಳು 1084, 1095 ಎಂಬ ನಂಬರಿನ, ಇಂಗಾಲ ಹೆಚ್ಚಿರುವ ಉಕ್ಕಿನಿಂದ ಶುರುವಾಗುತ್ತವೆ. ನಮಗೆ ಸಿಗುವುದು ಗುಜರಿಯ ಲಾರಿ ಸ್ಪ್ರಿಂಗ್ ಪ್ಲೇಟು. ಅದರಲ್ಲಿ ಇಂಗಾಲ ಕಡಿಮೆ, ಸುಮಾರು 0.6 ಶೇಕಡಾ; ಬೇಕಾದ ಶಾಖ ಮಾತ್ರ ಹೆಚ್ಚು. 'ಅಯಸ್ಕಾಂತ ಅಂಟದಿದ್ದರೆ ಅದ್ದಿ' ಎಂದು ಬಹುಪಾಲು ವೀಡಿಯೊಗಳು ಹೇಳುತ್ತವೆ. ಅಯಸ್ಕಾಂತ ಬಿಡುವುದು ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗೆ. 1084ಕ್ಕೆ 815 ಬೇಕು, ಸ್ಪ್ರಿಂಗ್ ಪ್ಲೇಟಿಗೆ 840ರ ಆಸುಪಾಸು. ಅಯಸ್ಕಾಂತ ಬಿಟ್ಟ ಮೇಲೆ ಕೆಂಪು ಇನ್ನೊಂದು ಛಾಯೆ ಏರಿ, ಬೆನ್ನಿಂದ ಬಾಯಿಯವರೆಗೆ ಒಂದೇ ಬಣ್ಣ ಬರಬೇಕು. ಹೊರಗಿನ ಬಿಸಿಲಲ್ಲಿ ಈ ಬಣ್ಣ ಕಾಣುವುದೇ ಇಲ್ಲ. ಕತ್ತಲೆ ಮೂಲೆಯಲ್ಲೇ ನೋಡಬೇಕು. ಇದನ್ನು ಹೇಳುವ ವೀಡಿಯೊ ಕಂಡರೆ ಸೇವ್ ಮಾಡಿಡಿ.

ಅದ್ದಲು ಇಂಗ್ಲಿಷ್ ವೀಡಿಯೊಗಳು ಹೇಳುವ ಕ್ಯಾನೊಲ (ಸಾಸಿವೆ ಜಾತಿಯ) ಎಣ್ಣೆಯೇ ಆಗಬೇಕೆಂದಿಲ್ಲ, ಸೂರ್ಯಕಾಂತಿ ಎಣ್ಣೆ ಸಾಕು. ಸಣ್ಣ ಚೂರಿಗೂ ನಾಲ್ಕೈದು ಲೀಟರ್ ಬೇಕು, ಉದ್ದನೆಯ ಕಬ್ಬಿಣದ ಡಬ್ಬದಲ್ಲಿ, ಮುಚ್ಚಳ ಪಕ್ಕದಲ್ಲೇ ಇರಲಿ. ಎಣ್ಣೆಯನ್ನು 50–60 ಡಿಗ್ರಿಗೆ ಬಿಸಿ ಮಾಡಿಕೊಳ್ಳಬೇಕು: ಬಿಸಿ ಎಣ್ಣೆ ತೆಳುವಾಗುತ್ತದೆ, ಅಲಗಿನ ಸುತ್ತಲಿನ ಆವಿಯ ಪದರ ಬೇಗ ಒಡೆಯುತ್ತದೆ. ಅದ್ದಿದ ಮೇಲೆ ಪಕ್ಕಕ್ಕೆ ಆಡಿಸಿದರೆ ಅಲಗು ಬಾಗುತ್ತದೆ. ಬೆನ್ನು-ಬಾಯಿಯ ದಿಕ್ಕಿಗೇ ಆಡಿಸಬೇಕು. ಬಾಯಿಯನ್ನು 1–1.5 ಮಿ.ಮೀ. ದಪ್ಪ ಬಿಟ್ಟೇ ಅದ್ದಬೇಕು. ನೀರಿಗೆ ಅದ್ದಿದರೆ ಸ್ಪ್ರಿಂಗ್ ಪ್ಲೇಟು 'ಟಿಕ್' ಎಂದು ಬಿರುಕು ಬಿಡುವ ಅಪಾಯ ಹೆಚ್ಚು. ಆ ಸದ್ದು ಕೇಳಿದರೆ ಚೂರಿ ಗುಜರಿಗೇ ವಾಪಸು.

ಆಮೇಲಿನದು ಹದ ಇಳಿಸುವುದು, ಅಂದರೆ ಅದ್ದಿ ಪೆಡಸಾದ ಅಲಗನ್ನು ಮತ್ತೆ ಹದವಾಗಿ ಕಾಯಿಸಿ ಪೆಡಸು ತಗ್ಗಿಸುವುದು. ವೀಡಿಯೊದಲ್ಲಿ 400 ಎಂದರೆ ಅದು ಫ್ಯಾರನ್‌ಹೀಟ್, ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಸುಮಾರು 200. ಎರಡು ಗಂಟೆಯಂತೆ ಎರಡು ಸಲ, ನಡುವೆ ಪೂರ್ತಿ ತಣಿಯಬೇಕು. ಮನೆಯ ಓವನಿನ ಗುಂಡಿಯನ್ನು ನಂಬಬೇಡಿ, ಒಳಗೊಂದು ಥರ್ಮಾಮೀಟರ್ ಇಡಿ. ಕಾಡು ಸವರುವ ಕತ್ತಿಗೆ ಇನ್ನೂ 30–40 ಡಿಗ್ರಿ ಏರಿಸಬಹುದು, ಇಲ್ಲದಿದ್ದರೆ ಮರದ ಗಂಟಿಗೆ ತಾಗಿದಲ್ಲಿ ಬಾಯಿ ಮುಕ್ಕಾಗುತ್ತದೆ.

ಮಲಯಾಳದಲ್ಲಿ ವೆಟ್ಟುಕತ್ತಿ (ಮಚ್ಚು) ಬಡಿಯುವ ವೀಡಿಯೊಗಳಿವೆಯಲ್ಲ, ಅವುಗಳ ಗುಣವೇ ಬೇರೆ. ಅಂಕಿ ಇಲ್ಲ, ವಿವರಣೆ ಇಲ್ಲ, ಆದರೆ ಆಚಾರಿಯ ಕೈ ಕಾಣುತ್ತದೆ. ಬಾಯಿಯನ್ನಷ್ಟೇ ಅದ್ದಿ ತೆಗೆದು, ಒಂದು ಜಾಗ ಉಜ್ಜಿ ಬೆಳಗಿಸಿ, ಬೆನ್ನಿನ ಶಾಖ ಕೆಳಗಿಳಿಯುವುದನ್ನು ನೋಡುತ್ತಾರೆ. ಒಣಹುಲ್ಲಿನ ಬಣ್ಣ ಬಾಯಿಗೆ ಮುಟ್ಟಿದ ಕೂಡಲೇ ಮತ್ತೆ ಅದ್ದಿ ನಿಲ್ಲಿಸುತ್ತಾರೆ. ನೀಲಿಗೆ ಹೋದರೆ ಮೆತ್ತಗಾಯಿತು. ಇದಕ್ಕೆ ಓವನ್ನೂ ಬೇಡ. ಇಂಗ್ಲಿಷಿನ ಅಂಕಿ ತಿಳಿದುಕೊಂಡು ಇದನ್ನು ನೋಡಿದರೆ ಎರಡೂ ತಲೆಗೆ ಹತ್ತುತ್ತವೆ.

ಬೇರೆ ಬೇರೆ ಉಕ್ಕು ಬೆಸೆದು ಅಲೆಯಂಥ ಗೆರೆ ಮೂಡಿಸುವ ಡಮಾಸ್ಕಸ್ ವೀಡಿಯೊಗಳು ನೋಡಲು ಚಂದ, ಹೊಸಬರಿಗೆ ಬೇಡ. ಎರಡಿಂಚು ಅಗಲ, 72 ಇಂಚು ಉದ್ದದ ಬೆಲ್ಟಿನ ಗ್ರೈಂಡರ್ ಇಲ್ಲದೆ ಆಗದು ಎಂಬ ಮಾತನ್ನೂ ನಂಬಬೇಡಿ. ಒಳ್ಳೆಯ ಅರ, ಕೋನ ಹಿಡಿದಿಡುವ ಒಂದು ಜಿಗ್ ಇದ್ದರೆ ಕೆಲಸ ನಿಧಾನ, ಅಷ್ಟೇ. ಗ್ಯಾಸ್ ಕುಲುಮೆಗೆ ಸೆರಾಮಿಕ್ ಉಣ್ಣೆ ಹಾಸುವವರು ಅದರ ಮೇಲೆ ಶಾಖ ತಡೆಯುವ ಸಿಮೆಂಟ್ ಲೇಪಿಸುವುದನ್ನು ತೋರಿಸದಿದ್ದರೆ ಆ ವೀಡಿಯೊ ಅಲ್ಲಿಗೇ ಬಿಡಿ, ಆ ಉಣ್ಣೆಯ ಎಳೆ ಶ್ವಾಸಕೋಶಕ್ಕೆ ಕೆಟ್ಟದು.

ಹಣ ಕೊಡುವ ಕೋರ್ಸ್ ಆದರೆ ಮೊದಲು ಪಾಠಗಳ ಪಟ್ಟಿ ನೋಡಿ. ಹದಕ್ಕೆ ಬೇರೆಯೇ ಪಾಠವಿದ್ದು, ಅದ್ದಿದ ಮೇಲೆ ಅಲಗಿನ ಮೇಲೆ ಅರ ಜಾರುತ್ತದೋ (ಗಟ್ಟಿಯಾಗಿದೆ) ಕಚ್ಚುತ್ತದೋ (ಆಗಿಲ್ಲ) ಎಂದು ಕ್ಯಾಮೆರಾ ಮುಂದೆ ಪರೀಕ್ಷಿಸಿ ತೋರಿಸಿದ್ದರೆ ಕೊಳ್ಳಬಹುದು.