ಕಣ್ಣಿಗೆ ಕಪ್ಪು, ಕ್ಯಾಮೆರಾಗೆ ಗಾಜು: ಒಂದು ಪಾರದರ್ಶಕ ಎಲ್‌ಸಿಡಿ ಫಲಕದ ವಿಮರ್ಶೆ

ಪರದೆಯ ಹಿಂದೆ ಕ್ಯಾಮೆರಾ ಇಟ್ಟು, ಎದುರಿಗೆ ನಿಂತವರಿಗೆ ಅದು ಕಾಣದಂತೆ ಮಾಡುವ ಕೆಲಸಕ್ಕೆಂದು ಬ್ಯಾಕ್‌ಲೈಟ್ (ಹಿಂಬದಿಯ ದೀಪ) ಇಲ್ಲದ 15.6 ಇಂಚಿನ ಎಲ್‌ಸಿಡಿ ಫಲಕವೊಂದನ್ನು ತರಿಸಿಕೊಂಡೆ. ಗೋಚರ ಬೆಳಕನ್ನೂ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನೂ ಇದು ಬೇರೆಬೇರೆಯಾಗಿ ನಿಯಂತ್ರಿಸುತ್ತದೆ ಎಂದು ಜೊತೆಗೆ ಬಂದ ಚೀಟಿ ಹೇಳುತ್ತದೆ. ಎರಡು ತಿಂಗಳು ಬಳಸಿದ ಮೇಲೆ ನನಗೆ ಕಂಡಂತೆ ಆ ಮಾತಿನಲ್ಲಿ ಅರ್ಧ ಮಾತ್ರ ನಿಜ. ಗೋಚರ ಬೆಳಕನ್ನು ಇದು ನಿಯಂತ್ರಿಸುತ್ತದೆ, ಅವಕೆಂಪನ್ನು ಅದರ ಪಾಡಿಗೆ ಹೋಗಗೊಡುತ್ತದೆ. ನನಗೆ ಬೇಕಾಗಿದ್ದದ್ದೂ ಅದೇ ಆದ್ದರಿಂದ ನನ್ನ ತಕರಾರು ಚೀಟಿಯ ಮೇಲಷ್ಟೇ.

ಮೊದಲ ದಿನ ಪರದೆಯನ್ನು ಪೂರ್ತಿ ಕಪ್ಪಾಗಿಸಿ, ಅದರ ಹಿಂದೆ ಟಿವಿ ರಿಮೋಟ್ ಹಿಡಿದು ಗುಂಡಿ ಒತ್ತಿದೆ. ಬರಿಗಣ್ಣಿಗೆ ಏನೂ ಕಾಣಲಿಲ್ಲ. ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿದರೆ ಆ ಕಪ್ಪಿನ ನಡುವೆ ತಿಳಿನೇರಳೆ ಚುಕ್ಕೆಯೊಂದು ಮಿಣುಕುತ್ತಿತ್ತು. ಪರದೆಯನ್ನು ಬಿಳಿಯಾಗಿಸಿದಾಗಲೂ ಆ ಚುಕ್ಕೆಯ ಹೊಳಪು ಹೆಚ್ಚಲಿಲ್ಲ.

ಇದಕ್ಕೆ ಕಾರಣ ಬೆಳಕಿನ ಕಂಪನದ ದಿಕ್ಕನ್ನು ತಿರುಗಿಸುವ ಒಳಗಿನ ದ್ರವ ಸ್ಫಟಿಕವಲ್ಲ, ಅದರ ಎರಡೂ ಬದಿಗೆ ಅಂಟಿಸಿರುವ ಪೋಲರೈಸರ್ ಹಾಳೆಗಳು. ಅಮೆರಿಕದ ಸಂಶೋಧಕ ಎಡ್ವಿನ್ ಲ್ಯಾಂಡ್ 1938ರಲ್ಲಿ ರೂಪಿಸಿದ ಹಾಳೆಯ ವಂಶಕ್ಕೇ ಸೇರಿದ ಇವುಗಳಲ್ಲಿ, ಹಿಗ್ಗಿಸಿದ ಪ್ಲಾಸ್ಟಿಕ್ಕಿನ ಉದ್ದಕ್ಕೂ ಸಾಲುಗಟ್ಟಿದ ಅಯೋಡಿನ್ ಸರಪಳಿಗಳು ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಹೀರಿಕೊಳ್ಳುತ್ತವೆ. ಸುಮಾರು 400ರಿಂದ 700 ನ್ಯಾನೋಮೀಟರ್‌ವರೆಗಿನ, ಅಂದರೆ ಗೋಚರ ಬೆಳಕಿನ, ತರಂಗಾಂತರಗಳಲ್ಲಿ ಚೆನ್ನಾಗಿ ನಡೆಯುವ ಈ ಹೀರಿಕೆ 800ರ ಆಚೆಗೆ ಕ್ಷೀಣಿಸುವುದರಿಂದ, ಒಳಗಿನ ಸ್ಫಟಿಕ ಅವಕೆಂಪನ್ನು ಹೇಗೇ ತಿರುಗಿಸಿದರೂ ಅದನ್ನು ಹಿಡಿದು ನಿಲ್ಲಿಸುವವರು ಯಾರೂ ಇಲ್ಲ. ಕೆಂಪು, ಹಸಿರು, ನೀಲಿ ಶೋಧಕಗಳೂ ಅದಕ್ಕೆ ಹೆಚ್ಚೇನೂ ಅಡ್ಡಿ ಮಾಡುವುದಿಲ್ಲ. ಈ ಗುಣವನ್ನೇ ನೆಚ್ಚಿಕೊಂಡು ಮೈಕ್ರೋಸಾಫ್ಟ್ ಸಂಶೋಧಕರು 2007ರಲ್ಲಿ ಥಿನ್‌ಸೈಟ್ ಎಂಬ ಮಾದರಿಯನ್ನು ತೋರಿಸಿದ್ದರು. ಪರದೆಯ ಹಿಂದಿನ ಸಂವೇದಕಗಳು ಮುಂದಿನ ಬೆರಳುಗಳನ್ನು ಗುರುತಿಸುತ್ತಿದ್ದವು.

ಬಳಕೆಯಲ್ಲಿ ತರಂಗಾಂತರದ ಆಯ್ಕೆ ಬಹಳ ಮುಖ್ಯ. 850 ನ್ಯಾನೋಮೀಟರ್ ಅವಕೆಂಪು ದೀಪ ಹಾಕಿದಾಗ ಪರದೆಯ ಚಿತ್ರದ ಮಸುಕು ನೆರಳು ಕ್ಯಾಮೆರಾದಲ್ಲಿ ಉಳಿದಿತ್ತು. 940ಕ್ಕೆ ಬದಲಿಸಿ, ಗೋಚರ ಬೆಳಕನ್ನು ತಡೆಯುವ ಶೋಧಕವನ್ನು ಮಸೂರಕ್ಕೆ ಹಾಕಿದ ಮೇಲೆ ಅದು ಮಾಯವಾಯಿತು. ದೀಪಗಳನ್ನು ಕ್ಯಾಮೆರಾದ ಪಕ್ಕದಲ್ಲೇ ಇಟ್ಟದ್ದು ನನ್ನದೇ ತಪ್ಪು: ಗಾಜಿನಿಂದ ಹಿಂದಿರುಗಿದ ಬೆಳಕು ಮಸೂರಕ್ಕೇ ಬಂದು ಬಿತ್ತು. ಚೌಕಟ್ಟಿನ ಹೊರಗೆ ಸರಿಸಿದಾಗ ಸರಿಹೋಯಿತು.

ಆದರೂ ಚಿತ್ರ ಬರಿಗಾಜಿನಷ್ಟು ನಿಚ್ಚಳವಲ್ಲ. ಪಿಕ್ಸೆಲ್‌ಗಳ ನಡುವಿನ ಕಪ್ಪು ಗೆರೆಗಳೂ ಲೋಹದ ತಂತುಗಳೂ ಅವಕೆಂಪನ್ನು ಚದುರಿಸುವುದರಿಂದ, ಮುಖದ ಅಂಚುಗಳು ಮಂಜು ಕವಿದಂತಿರುತ್ತವೆ, ಬೆಳಗುವ ಬಲ್ಬಿನ ಸುತ್ತ ಶಿಲುಬೆಯಾಕಾರದ ಗೆರೆಗಳು ಮೂಡುತ್ತವೆ. ಆಳು ಬಂದದ್ದು, ಕೈ ಆಡಿಸಿದ್ದು ತಿಳಿಯಲು ಇಷ್ಟು ಸಾಕು, ಸಣ್ಣ ಅಕ್ಷರ ಓದಲು ಸಾಲದು. ಪರದೆಯಾಗಿಯೂ ಇದು ಮಂಕೇ. ಪೋಲರೈಸರ್ ಅರ್ಧ ಬೆಳಕನ್ನು, ಬಣ್ಣದ ಶೋಧಕಗಳು ಉಳಿದುದರಲ್ಲಿ ಮೂರನೇ ಎರಡು ಪಾಲನ್ನು ನುಂಗಿದರೆ ಹೆಚ್ಚೆಂದರೆ ಆರನೇ ಒಂದಂಶ ಹೊರಗೆ ಬರುತ್ತದೆ, ಹಾಗಾಗಿ ಹಿಂಬದಿಯಲ್ಲಿ ಜೋರಾದ ಬೆಳಕು ಬೇಕೇ ಬೇಕು.

ಚೀಟಿಯ ಮಾತನ್ನು ನಂಬಿ, ಬೇಕೆಂದಾಗ ಅವಕೆಂಪನ್ನು ತಡೆಯುವ ಕವಾಟವಾಗಿ ಬಳಸಲು ಹೊರಟವರು ಇದನ್ನು ಕೊಳ್ಳಬಾರದು. ಅಂಥ ಕೆಲಸಕ್ಕೆ ಸೂಕ್ಷ್ಮ ಲೋಹದ ಎಳೆಗಳಿಂದ ಮಾಡಿದ ಪೋಲರೈಸರ್ ಇರುವ ಬೇರೆಯದೇ ಫಲಕ ಬೇಕಾಗುತ್ತದೆ.